ಮೂರು ನಂಬರಿನ ಲಕ್ಷ್ಮಮ್ಮ

ಸುಮಾ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. (ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ವಿವರಗಳನ್ನೂ.) ವಯಸ್ಸು 41. ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾ ಮುಗಿಸಿ ಹಾಸನದ ಖಾಸಗಿ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿಗೆ ಸೇರಿದವರು, 17 ವರ್ಷದಿಂದ ಅಲ್ಲೇ. ಆಸ್ಪತ್ರೆಯ ತಪಾಸಣೆಗೆ ಬಂದಿದ್ದ ಬೆಂಗಳೂರಿನ ವೈದ್ಯರೊಬ್ಬರು ಇವರ ಕೆಲಸ ನೋಡಿ ಮೆಚ್ಚಿ ಹೋಗಿದ್ದರು. ಈಗ ಅವರ ಆಸ್ಪತ್ರೆ ಸಮೂಹವೇ ಎಲ್ಲ ಶಾಖೆಗಳ ರೋಗಿ ಮಾಹಿತಿ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬನ್ನಿ ಎಂದು ಕರೆದಿತ್ತು. ಉತ್ತರಕ್ಕೆ ಹದಿನೈದು ದಿನದ ಗಡುವು. ಅದರಲ್ಲಿ ಹನ್ನೊಂದು ಕಳೆದಿತ್ತು.

ಮೊದಲ ಭೇಟಿಯಿಡೀ ಮನೆಯ ಮಾತೇ ಆಯಿತು. ಗಂಡ ಶುಂಠಿ, ಆಲೂಗೆಡ್ಡೆ ಬೆಳೆಯುವವರು. "ನಿನ್ನಿಷ್ಟ ಕಣೇ" ಎಂದಷ್ಟೇ ಹೇಳಿ ಹೊಲಕ್ಕೆ ಹೋಗಿಬಿಡುತ್ತಾರೆ. ಅತ್ತೆ ಬೇಡ ಎಂದಿಲ್ಲ. ಆದರೆ ಮೊಮ್ಮಗಳ ಡಬ್ಬಿ ಕಟ್ಟುತ್ತಾ, "ಎಸ್ಸೆಸ್ಸೆಲ್ಸಿ ವರ್ಷ ಬೇರೆ" ಎಂದು ಗೋಡೆಗೆ ಹೇಳಿದರಂತೆ. ನಾನೂ ತೊಡಕು ಮನೆಯಲ್ಲೇ ಇದೆ ಎಂದುಕೊಂಡೆ. ಅದು ನನ್ನ ಆತುರ. ಹೆಣ್ಣುಮಕ್ಕಳು ಕೆಲಸದ ಚಿಂತೆ ಹೊತ್ತು ಬಂದಾಗ ನಾವು ಸಲಹೆಗಾರರು ಮೊದಲು ಅಡುಗೆಮನೆಯ ಬಾಗಿಲನ್ನೇ ತಟ್ಟುತ್ತೇವೆ.

ಎರಡನೇ ಭೇಟಿಯಲ್ಲಿ ಮನೆಯ ಮಾತು ಬಿಟ್ಟು, "ನಿಮ್ಮ ಕೆಲಸ ಏನು ಅಂತ ನನಗೆ ಗೊತ್ತಿಲ್ಲ, ಸ್ವಲ್ಪ ತಿಳಿಸಿ ಹೇಳಿ" ಎಂದೆ. ಅವರು ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದರು. ಅಂಚು ಸವೆದು ನೂಲು ಬಿಟ್ಟಿತ್ತು. ಒಂದು ಪುಟದಲ್ಲಿ ಲಕ್ಷ್ಮಮ್ಮ ಎಂಬ ಒಬ್ಬರೇ ಅಜ್ಜಿಗೆ ಮೂರು ಆಸ್ಪತ್ರೆ ನಂಬರು. ಕೌಂಟರಿನಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಹೆಸರು ಬರೆದರೆ ಇನ್ನೊಬ್ಬರು ಎಕ್ಸ್ ಹಾಕಿದ್ದಾರೆ, ಮತ್ತೊಬ್ಬರು ಒಂದು ಎಂ ಬಿಟ್ಟಿದ್ದಾರೆ. ಪೆನಿಸಿಲಿನ್ ಆಗಿಬರುವುದಿಲ್ಲ ಎಂಬ ಸಂಗತಿ ಇದ್ದದ್ದು ಆ ಮೂರರಲ್ಲಿ ಒಂದೇ ಕಡತದಲ್ಲಿ.

"ಹುಟ್ಟಿದ ದಿನ ನೋಡಿ ಒಂದು ಮಾಡಬಹುದಲ್ಲ?" ಎಂದೆ.

"ಹಳ್ಳಿಯ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟುಹಬ್ಬ ಜನವರಿ ಒಂದೇ ಮೇಡಂ. ಆಧಾರ್‌ಗೆ ಅಂದಾಜು ವಯಸ್ಸು ಹೇಳಿದ್ದಾರೆ, ದಾಖಲೆಯಲ್ಲಿ ಹಾಗೇ ಕೂತಿದೆ. ಅದನ್ನೇ ನಂಬಿ ಕಂಪ್ಯೂಟರಿಗೆ ಬಿಟ್ಟರೆ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರಾಗ್ತಾರೆ. ಒಬ್ಬರಿಗೆ ಮೂರು ನಂಬರು ಇರೋದಕ್ಕಿಂತ ಅದು ಅಪಾಯ. ಒಬ್ಬರ ರಕ್ತದ ಗುಂಪು ಇನ್ನೊಬ್ಬರಿಗೆ ಬರುತ್ತೆ."

ಊರು, ಗಂಡನ ಹೆಸರು, ಹಳೇ ಆಪರೇಷನ್ ಎಲ್ಲ ತಾಳೆ ನೋಡಿ ಇವರು ಆರು ವರ್ಷ ಒಬ್ಬರೇ ಇಂಥ ಕಡತಗಳನ್ನು ಕೂಡಿಸಿದ್ದರು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂದು, ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸಲು ಕೊಡುವ, ಈಗ ಆಭಾ ಎನ್ನುವ 14 ಅಂಕಿಯ ಸಂಖ್ಯೆಯ ಮಾತು ಶುರುವಾದಾಗ, "ಇನ್ನು ನಿಮ್ಮ ನೋಟ್‌ಬುಕ್ ಮುಚ್ಚಿ" ಎಂದಿದ್ದರಂತೆ ಮೇಲಿನವರು. ಆದರೆ ಆಭಾ ಮಾಡಿಸುವುದು ರೋಗಿಯ ಇಚ್ಛೆಗೆ ಬಿಟ್ಟದ್ದು. ಮಾಡಿಸಿದರೂ ಹಳೇ ಕಡತಗಳು ತಾವಾಗಿ ಬಂದು ಒಂದಾಗುವುದಿಲ್ಲ. ಈ ಮಾತನ್ನು ಸಭೆಯಲ್ಲಿ ಹೇಳಿದವರು ಸುಮಾ. ಇನ್‌ಚಾರ್ಜ್ ಹುದ್ದೆ ಹೋದದ್ದು ಅವರೇ ಕೆಲಸ ಕಲಿಸಿದ ಹುಡುಗನಿಗೆ, ಬಿ.ಇ. ಆಗಿದೆ ಎಂದು. ಅಂದಿನಿಂದ ಅವರ ನಾಲಿಗೆಯ ಮೇಲೆ ಒಂದೇ ವಾಕ್ಯ: "ನಾನು ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ." ನಿದ್ದೆ ಕೆಡಿಸಿದ್ದು ಈ ಮಾತು.

ನಾನು ಹೇಳಿದ್ದಿಷ್ಟು. ಡಾಕ್ಟರಿಗೆ ರೋಗಿ ಗೊತ್ತು, ಇಂಜಿನಿಯರಿಗೆ ಯಂತ್ರ ಗೊತ್ತು. ಮಾಹಿತಿ ಕೌಂಟರಿನಲ್ಲಿ ಎಲ್ಲಿ ಕೆಡುತ್ತದೆ, ಕೆಟ್ಟರೆ ಯಾರ ಮೈಮೇಲೆ ಬರುತ್ತದೆ ಎಂಬುದು ಗೊತ್ತಿರುವುದು ನಿಮಗೆ. ಆ ವಿಭಾಗವನ್ನು ನಡೆಸಲು ಬೇಕಾದದ್ದು ಅದೇ. ಆದರೆ ಧೈರ್ಯದ ಮಾತೊಂದರಿಂದ ಹುದ್ದೆ ನಡೆಯುವುದಿಲ್ಲ ಎಂದೂ ಹೇಳಿದೆ. ಕಂಪ್ಯೂಟರಿನಲ್ಲಿ ಕೂಡಿಟ್ಟ ಮಾಹಿತಿಯನ್ನು ಹುಡುಕಿ ತೆಗೆಯುವ ಎಸ್‌ಕ್ಯೂಎಲ್ ಭಾಷೆಯನ್ನು ಸ್ವಂತ ಪ್ರಶ್ನೆ ಬರೆದು ಉತ್ತರ ತೆಗೆಯುವಷ್ಟು ಕಲಿಯಿರಿ. ಆಸ್ಪತ್ರೆಗಳ ತಂತ್ರಾಂಶಗಳು ಒಂದಕ್ಕೊಂದು ಮಾತಾಡುವ ಫೈರ್ ಎಂಬ ಮಾನದಂಡವನ್ನು, ಇಂಜಿನಿಯರ್ ಏನು ಹೇಳುತ್ತಿದ್ದಾನೆಂದು ತಿಳಿಯುವಷ್ಟು ಓದಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಮಾತ್ರ ಪೂರ್ತಿ ಓದಿ. ನಾಳೆ ರೋಗಿಯ ಒಪ್ಪಿಗೆಯಿಲ್ಲದೆ ಮಾಹಿತಿ ಹೊರಗೆ ಹೋದರೆ ಉತ್ತರ ಹೇಳುವ ಕುರ್ಚಿ ನಿಮ್ಮದಾಗಿರುತ್ತದೆ.

ಒಪ್ಪುವ ಮೊದಲು ಒಂದನ್ನು ಬರವಣಿಗೆಯಲ್ಲಿ ಕೇಳಿ ಎಂದೆ: ಎರಡು ಕಡತ ಒಂದೇ ರೋಗಿಯದೋ ಅಲ್ಲವೋ ಎಂದು ಕೊನೆಗೆ ತೀರ್ಮಾನಿಸುವವರು ಯಾರು? ಆ ಅಧಿಕಾರ ಬೇರೆಯವರ ಕೈಯಲ್ಲಿದ್ದರೆ ಮುಖ್ಯಸ್ಥೆ ಎಂಬುದು ಬರೀ ಬೋರ್ಡು. ಸಂಬಳದ ಮಾತು ಆಮೇಲೆ, ಆದರೆ ಕಡಿಮೆ ಕೇಳಬೇಡಿ.

ಮನೆಯಲ್ಲಿ "ಹೋಗಲಾ?" ಎಂದು ಕೇಳುವುದನ್ನು ನಿಲ್ಲಿಸಲು ಹೇಳಿದೆ. ಆ ಪ್ರಶ್ನೆಗೆ "ನಿನ್ನಿಷ್ಟ" ಬಿಟ್ಟು ಬೇರೆ ಉತ್ತರವೇ ಇಲ್ಲ. "ಸೋಮವಾರ ಬೆಳಿಗ್ಗೆ ಮಗಳನ್ನು ಟ್ಯೂಷನ್ನಿಗೆ ಯಾರು ಬಿಡ್ತೀರಿ?" ಎಂದು ಕೇಳಿ ನೋಡಿ ಎಂದೆ.

ಕೇಳಿದರು. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಬಿಡ್ತೀನಿ, ಹೊಲಕ್ಕೆ ಎಂಟಕ್ಕೆ ಹೋದ್ರೂ ನಡೆಯುತ್ತೆ" ಎಂದರಂತೆ. ಅತ್ತೆ, "ರಾತ್ರಿ ಅವಳ ಜೊತೆ ನಾನು ಕೂರ್ತೀನಿ. ಓದಿಸೋಕೆ ಬರಲ್ಲ, ಎಚ್ಚರ ಇರೋಕೆ ಬರುತ್ತೆ" ಎಂದರು. ಇದನ್ನು ನನಗೆ ಹೇಳುವಾಗ ಸುಮಾ ಅತ್ತುಬಿಟ್ಟರು.

ಹದಿನಾಲ್ಕನೇ ದಿನ ಪತ್ರ ಹೋಯಿತು. ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಮೂರು ದಿನ ಬೆಂಗಳೂರು, ಉಳಿದದ್ದು ಹಾಸನದಿಂದ ಎಂದು ಕೇಳಿದ್ದರು. ನಾಲ್ಕು ದಿನಕ್ಕೆ ಒಪ್ಪಂದವಾಯಿತು. ಕಡತ ಕೂಡಿಸುವ ತೀರ್ಮಾನ ಅವರದೇ ಎಂದು ಆದೇಶದಲ್ಲಿ ಬರೆದು ಕೊಟ್ಟಿದ್ದಾರೆ.

ನೋಟ್‌ಬುಕ್ಕಿನಲ್ಲಿ ರೋಗಿಗಳ ಹೆಸರಿದೆ, ಅದು ಆಸ್ಪತ್ರೆಯದು ಎಂದು ಸುಮಾ ಬಿಡುವ ದಿನ ಅದನ್ನು ರೆಕಾರ್ಡ್ ರೂಮಿನ ಬೀರುವಿನಲ್ಲಿಟ್ಟು, ಕೀಲಿಯನ್ನು ಆ ಹುಡುಗನ ಕೈಗೆ ಕೊಟ್ಟು, ಲಕ್ಷ್ಮಮ್ಮನ ಪುಟ ತೆಗೆದು ತೋರಿಸಿ ಬಂದರಂತೆ.