118 ಧಾತುಗಳನ್ನು ಬಾಯಿಪಾಠ ಮಾಡುವ ಸುಲಭ ದಾರಿ ಯಾವುದು? ಮಾಡದಿರುವುದೇ ಮೇಲು

ಪರಮಾಣು ರಾಶಿಯ ಸಮೇತ 118 ಧಾತುಗಳನ್ನೂ ಕ್ರಮವಾಗಿ ಬಾಯಿಪಾಠ ಮಾಡಲು ಪ್ರಾಸದ ಸಾಲುಗಳು ಮೇಲೋ, ಗೋಡೆಗೆ ಅಂಟಿಸಿದ ಪಟ್ಟಿ ಮೇಲೋ ಎಂದು ಕೇಳಿದ್ದೀರಿ. ವಿದ್ಯಾರ್ಥಿಯಾಗಿದ್ದಾಗ ನಾನು ಹಿಡಿದದ್ದೂ ಇದೇ ದಾರಿ. ಹೈಡ್ರೋಜನ್‌ನಿಂದ ಸತುವಿನವರೆಗೆ, ಅಂದರೆ 1ರಿಂದ 30ರವರೆಗೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದೆ. ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಬೇರೆ ಬಗೆಯದಾಗಿತ್ತು: ಪರಮಾಣು ಸಂಖ್ಯೆ (ಕೋಷ್ಟಕದಲ್ಲಿನ ಕ್ರಮಸಂಖ್ಯೆ) 34 ಇರುವ ಧಾತು ಯಾವ ಗುಂಪಿಗೆ, ಅಂದರೆ ಒಂದೇ ಬಗೆಯ ಗುಣಗಳುಳ್ಳ ಧಾತುಗಳ ಯಾವ ಕಂಬಸಾಲಿಗೆ, ಸೇರುತ್ತದೆ, ಹೈಡ್ರೋಜನ್‌ನೊಂದಿಗೆ ಅದು ಉಂಟುಮಾಡುವ ಸಂಯುಕ್ತದ ಅಣುಸೂತ್ರವೇನು?

ಪಾಠ ಮೂವತ್ತಕ್ಕೇ ನಿಂತಿದ್ದರಿಂದ ಲೆಕ್ಕಕ್ಕೆ ಇಳಿದೆ. ಧಾತುಗಳನ್ನು ಜೋಡಿಸಿರುವ ಆವರ್ತ ಕೋಷ್ಟಕದ ಮೊದಲ ಅಡ್ಡಸಾಲಿನಲ್ಲಿ 2 ಧಾತುಗಳು, ಎರಡನೆಯದರಲ್ಲಿ 8, ಮೂರನೆಯದರಲ್ಲಿಯೂ 8. ಹಾಗಿದ್ದರೆ ಮುಂದೆಯೂ ಎಂಟೆಂಟೇ ಇರಬೇಕು ಎಂದುಕೊಂಡು 2, 10, 18, 26, 34 ಎಂದು ಎಣಿಸಿದೆ. ಸಾಲು ಸರಿಯಾಗಿ 34ಕ್ಕೆ ಮುಗಿದದ್ದನ್ನು ಕಂಡು ಹಿಗ್ಗಿ, ಇದು ಹೀಲಿಯಂ, ನಿಯಾನ್, ಆರ್ಗಾನ್‌ಗಳ ಕೆಳಗೆ ಬರುವ ಜಡ ಅನಿಲ, ಹೈಡ್ರೋಜನ್‌ನೊಂದಿಗೆ ಕೂಡುವುದೇ ಇಲ್ಲ ಎಂದು ಬರೆದೆ. ಅದು ಸೆಲೆನಿಯಂ; ಸೂತ್ರ H₂Se. ಅದನ್ನು ಅವಲಂಬಿಸಿದ್ದ ಉಪಪ್ರಶ್ನೆಗಳ ಅಂಕಗಳೂ ಒಟ್ಟಿಗೇ ಹೋದವು. ಇದರಲ್ಲಿ ನಾಚಿಕೆಯ ಸಂಗತಿ ಬೇರೆಯೇ ಇದೆ. ನನ್ನ ಲೆಕ್ಕದ ಪ್ರಕಾರ 26ನೆಯದೂ ಜಡ ಅನಿಲವಾಗಬೇಕಿತ್ತು, ಆದರೆ 26ನೆಯದು ಕಬ್ಬಿಣ ಎಂಬುದು ನನಗೆ ಬಾಯಿಪಾಠವಾಗಿತ್ತು. ತುಕ್ಕು ಹಿಡಿಯುವ ಕಬ್ಬಿಣ ಜಡ ಅನಿಲವಾಗುವುದು ಹೇಗೆ ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ಹೆಸರು ನಾಲಿಗೆಯ ಮೇಲಿತ್ತು, ಸ್ಥಾನ ತಲೆಯಲ್ಲಿರಲಿಲ್ಲ.

ಎಂಟರ ಲೆಕ್ಕ ಎಲ್ಲಿ ಮುರಿಯುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕವಚಗಳೆಂಬ ಪದರಗಳಲ್ಲಿ ಇರುತ್ತವೆ. ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನುಗಳಿಗೆ ಜಾಗವಿದ್ದರೂ ಆರ್ಗಾನ್‌ನಲ್ಲಿ ಎಂಟು ತುಂಬಿದ ಮೇಲೆ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗಳಲ್ಲಿ ಹೊಸ ಎಲೆಕ್ಟ್ರಾನುಗಳು ನಾಲ್ಕನೆಯ ಕವಚಕ್ಕೆ ಹೋಗುತ್ತವೆ. 21ನೆಯ ಸ್ಕ್ಯಾಂಡಿಯಂನಿಂದ 30ನೆಯ ಸತುವಿನವರೆಗೆ ಒಳಗಿನ ಮೂರನೆಯ ಕವಚದಲ್ಲಿ ಉಳಿದಿದ್ದ ಹತ್ತು ಸ್ಥಾನಗಳು ತುಂಬುತ್ತವೆ. ಸಂಕ್ರಮಣ ಧಾತುಗಳೆಂಬ ಲೋಹಗಳ ಮೊದಲ ತಂಡ ಇದು. ಆಮೇಲೆ 31ನೆಯ ಗ್ಯಾಲಿಯಂನಿಂದ ಮತ್ತೆ ಹೊರಕವಚ ಬೆಳೆದು 36ನೆಯ ಕ್ರಿಪ್ಟಾನ್‌ಗೆ ಸಾಲು ಮುಗಿಯುತ್ತದೆ. ಹೀಗೆ ಸಾಲುಗಳ ಉದ್ದ 2, 8, 8, 18, 18, 32, 32. ಸೆಲೆನಿಯಂ 18ನೆಯ ಗುಂಪಿನ ಕ್ರಿಪ್ಟಾನ್‌ಗಿಂತ ಎರಡು ಮನೆ ಹಿಂದಿರುವುದರಿಂದ 16ನೆಯ ಗುಂಪಿನಲ್ಲಿ ಆಕ್ಸಿಜನ್ ಮತ್ತು ಗಂಧಕದ ಕೆಳಗೆ ಕೂರುತ್ತದೆ. H₂O, H₂S ಗೊತ್ತಿದ್ದವರು H₂Se ಬರೆಯಲು ಏನನ್ನೂ ಉರು ಹೊಡೆಯಬೇಕಿಲ್ಲ.

ಎಂಟರ ಮೋಹ ನನ್ನೊಬ್ಬನದಲ್ಲ ಎಂಬುದು ಆಮೇಲೆ ತಿಳಿದು ತುಸು ಸಮಾಧಾನವಾಯಿತು. 1865ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ನ್ಯೂಲ್ಯಾಂಡ್ಸ್ ಪ್ರತಿ ಎಂಟನೆಯ ಧಾತುವಿಗೆ ಗುಣಗಳು ಮರುಕಳಿಸುತ್ತವೆ ಎಂದು ಸಾರಿದ್ದರು. ಕ್ಯಾಲ್ಸಿಯಂವರೆಗೆ ಸರಾಗವಾಗಿ ನಡೆದ ಆ ನಿಯಮ ಮುಂದೆ ಕೋಬಾಲ್ಟ್ ಮತ್ತು ನಿಕ್ಕಲ್‌ಗಳನ್ನು ಒಂದೇ ಮನೆಗೆ ತುರುಕಿ, ಫ್ಲೋರಿನ್ ಮತ್ತು ಕ್ಲೋರಿನ್‌ಗಳ ಗುಂಪಿಗೆ ಸೇರಿಸಿತು. 1869ರಲ್ಲಿ ತಮ್ಮ ಆವರ್ತ ಕೋಷ್ಟಕ ಪ್ರಕಟಿಸಿದ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಗೆದ್ದದ್ದು ಗುಣ ಹೊಂದದ ಕಡೆ ಮನೆಯನ್ನು ಖಾಲಿ ಬಿಡುವ ಧೈರ್ಯದಿಂದ. ಅವರು ಬಿಟ್ಟಿದ್ದ ಮನೆಗಳನ್ನು 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ತುಂಬಿದವು.

ಆದ್ದರಿಂದ ಪ್ರಾಸವೂ ಬೇಡ, ಪಟ್ಟಿಯೂ ಬೇಡ. ಮೊದಲ ಇಪ್ಪತ್ತು ಧಾತುಗಳ ಹೆಸರು ಕಲಿಯಿರಿ, ಬಳಿಕ ಸಾಲುಗಳು ಮುಗಿಯುವ ಜಡ ಅನಿಲಗಳ 2, 10, 18, 36, 54, 86 ಎಂಬ ಆರು ಸಂಖ್ಯೆಗಳನ್ನು ಗಟ್ಟಿಮಾಡಿಕೊಳ್ಳಿ. 53 ಬಂದರೆ 54ಕ್ಕಿಂತ ಒಂದು ಕಡಿಮೆ, ಕ್ಲೋರಿನ್‌ನ ಗುಂಪು; 55 ಬಂದರೆ ಒಂದು ಹೆಚ್ಚು, ಸೋಡಿಯಂನ ಗುಂಪು; 82 ಬಂದರೆ 86ಕ್ಕಿಂತ ನಾಲ್ಕು ಕಡಿಮೆ, ಕಾರ್ಬನ್‌ನ ಗುಂಪು, ಅದು ಸೀಸ. ನಾಲ್ಕನೆಯ ಸಾಲಿನಿಂದ ಮುಂದೆ ಐದಕ್ಕಿಂತ ಹೆಚ್ಚು ಮನೆ ಹಿಂದೆ ಎಣಿಸಬೇಡಿ, ಅಲ್ಲಿಂದ ಲೋಹಗಳ ಆ ಹತ್ತು ಮನೆಗಳು ಶುರುವಾಗುತ್ತವೆ. ಕೋಷ್ಟಕದ ಕೆಳಗೆ ಬೇರೆಯಾಗಿ ಮುದ್ರಿಸಿರುವ ಎರಡು ಸಾಲುಗಳನ್ನು ಕಂಡು ಗಾಬರಿಯಾಗಬೇಡಿ. ಪುಟದ ಅಗಲ ಸಾಲದೆ ಕೆಳಗಿಳಿಸಿರುವ ಆರು ಮತ್ತು ಏಳನೆಯ ಸಾಲುಗಳ ತುಂಡುಗಳವು.

ಪರಮಾಣು ರಾಶಿಯನ್ನಂತೂ ಬಿಟ್ಟೇಬಿಡಿ, ಏಕೆಂದರೆ ಕೋಷ್ಟಕದ ಕ್ರಮವೇ ಅದರದ್ದಲ್ಲ. ಟೆಲ್ಲೂರಿಯಂನ ರಾಶಿ 127.6, ಅಯೋಡಿನ್‌ನದು 126.9, ಆದರೂ ಟೆಲ್ಲೂರಿಯಂ 52ನೆಯದು, ಅಯೋಡಿನ್ 53ನೆಯದು. ಗುಣಗಳನ್ನು ನೋಡಿ ಹಾಗೆ ಜೋಡಿಸಿದ ಮೆಂಡಲೀವ್, ಟೆಲ್ಲೂರಿಯಂನ ರಾಶಿಯನ್ನು ಅಳೆದದ್ದೇ ತಪ್ಪಿರಬೇಕೆಂದು ಶಂಕಿಸಿದ್ದರು. ಅಳತೆ ತಪ್ಪಿರಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳ ಆವೃತ್ತಿಯನ್ನು ಅಳೆದು, ಕ್ರಮವನ್ನು ನಿರ್ಧರಿಸುವುದು ಪರಮಾಣು ಬೀಜದ ವಿದ್ಯುದಾವೇಶವೇ ಹೊರತು ರಾಶಿಯಲ್ಲ ಎಂದು ತೋರಿಸಿಕೊಟ್ಟರು.