ಒಪೆರಾ ಗಾಯಕಿಯ ಬಾಯಲ್ಲಿ ಹಗುರ ಹಾಡು: ಏನನ್ನು ಸವಿಯಬೇಕು?

ದೊಡ್ಡ ಒಪೆರಾ ಗಾಯಕಿಯರು ಫ್ರೆಂಚ್ ಆಪರೆಟಾದ (ಹಾಸ್ಯ ತುಂಬಿದ ಸಂಗೀತ ನಾಟಕದ) ಹಗುರ ಹಾಡುಗಳನ್ನು ಹಾಡಿದರೆ ಅದರಲ್ಲಿ ಸವಿಯುವುದೇನು ಎಂದು ಕೇಳಿದ್ದೀರಿ. ಸಂಗೀತ ರಚನಕಾರ ಆಫೆನ್‌ಬಾಕ್‌ನ ‘ಲಾ ಪೆರಿಕೋಲ್’ (ಪ್ಯಾರಿಸ್, 1868) ಕೃತಿಯ ಅಮಲಿನ ಹಾಡನ್ನು ಕೇಳಿ ನೋಡಿ. ಹಸಿದಿದ್ದ ಬೀದಿ ಗಾಯಕಿಗೆ ಭರ್ಜರಿ ಊಟ, ಜೊತೆಗೆ ವೈನ್ ಸಿಕ್ಕಿದೆ. ತಲೆ ತುಸು ತಿರುಗುತ್ತಿದೆ. ‘ಶ್ಶ್, ಯಾರಿಗೂ ಹೇಳಬಾರದು’ ಎನ್ನುತ್ತಾಳೆ. ಹಾಡು ತೂರಾಡುವಂತೆ ಕೇಳಿಸಬೇಕು, ಶ್ರುತಿ ಮಾತ್ರ ಎಳೆಯಷ್ಟೂ ಜಾರಬಾರದು! ತುಂಬು ಕಂಠವನ್ನು ಪಿಸುಮಾತಿಗೆ ಇಳಿಸಲು ಪಳಗಿದ ಉಸಿರೇ ಬೇಕು. ಜರ್ಮನ್ ಒಪೆರಾ ರಚನಕಾರ ವ್ಯಾಗ್ನರ್‌ನ ಭಾರದ ಪಾತ್ರಗಳನ್ನು ನಿಭಾಯಿಸಿದ ಫ್ರೆಂಚ್ ಗಾಯಕಿ ರೆಜೀನ್ ಕ್ರೆಸ್ಪಾಂ ಇದನ್ನು ಹಾಡಿದ ಧ್ವನಿಮುದ್ರಣದಲ್ಲಿ ನಗು ಪದಗಳ ಅಂಚಿನಲ್ಲೇ ಇರುತ್ತದೆ. ಕಂಠಸಿರಿ ಮೆರೆಸಲು ಹೊರಟವರ ಹಾಡುಗಾರಿಕೆ ನನಗಂತೂ ಬೇಸರ. ಫ್ರೆಂಚ್ ಬಾರದಿದ್ದರೂ ಚಿಂತೆಯಿಲ್ಲ, ಆ ‘ಶ್ಶ್’ ಅರ್ಥವಾದರೆ ಸಾಕು.