ಕಣ್ಣು ಕಾಣದವರೂ ಬಳಸುವಂಥ ಕನ್ನಡ ವೆಬ್‌ಸೈಟ್ ಮಾಡಲು ಎಲ್ಲಿಂದ ಶುರು ಮಾಡಬೇಕು?

ಊರಿನ ಹಾಲಿನ ಸಂಘಕ್ಕೆ ಸೈಟ್ ಮಾಡುತ್ತಿದ್ದೀರಿ, ವಯಸ್ಸಾದವರಿಗೂ ಕಣ್ಣು ಕಾಣದವರಿಗೂ ಸಲೀಸಾಗಬೇಕು, ಆದರೆ ನಿಯಮಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ ಎಂದು ಕೇಳಿದ್ದೀರಿ. ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ಅದರಲ್ಲಿ ನಿಮ್ಮ ಸೈಟನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ.

ನಾನು ಇದನ್ನು ಕಲಿತದ್ದು ಮಾನ ಕಳೆದುಕೊಂಡು. ಇಂಥದ್ದೇ ಒಂದು ಸಂಘಕ್ಕೆ ಸೈಟ್ ಮಾಡಿಕೊಟ್ಟಿದ್ದೆ. ನೋಡೋಕೆ ಚೆನ್ನಾಗಿಯೇ ಇತ್ತು. ಕಣ್ಣು ಕಾಣದ ಗೆಳೆಯನೊಬ್ಬನಿಗೆ ಲಿಂಕ್ ಕಳಿಸಿದೆ. ಅವನು ಫೋನ್ ಮಾಡಿ, ಏನೂ ಮಾತಾಡದೆ, ಕಂಪ್ಯೂಟರಿನ ಸ್ಪೀಕರ್ ಹತ್ತಿರ ಫೋನ್ ಹಿಡಿದ. "ಬಟನ್. ಬಟನ್. ಲಿಂಕ್, ಇನ್ನಷ್ಟು ಓದಿ. ಲಿಂಕ್, ಇನ್ನಷ್ಟು ಓದಿ. ಲಿಂಕ್, ಇನ್ನಷ್ಟು ಓದಿ."

"ಏನನ್ನ ಓದ್ಲಿ ಮಾರಾಯ?" ಅಂದ.

ಬಟನ್‌ಗೆ ಬರೀ ಚಿತ್ರ ಹಾಕಿದ್ದೆ, ಹೆಸರು ಕೊಟ್ಟಿರಲಿಲ್ಲ. "ಇನ್ನಷ್ಟು ಓದಿ" ಬದಲು "ಹಾಲಿನ ದರದ ಸುತ್ತೋಲೆ ಓದಿ" ಅಂತ ಬರೆದಿದ್ದರೆ ಮುಗಿಯುತ್ತಿತ್ತು.

ಅದಕ್ಕಿಂತ ದೊಡ್ಡ ಎಡವಟ್ಟು ಆ ಸುತ್ತೋಲೆಯದೇ. ಸಂಘದವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕೊಟ್ಟಿದ್ದರು. ಹಾಗೇ ಏರಿಸಿದ್ದೆ. ನಮ್ಮ ಕಣ್ಣಿಗೆ ಅದು ಅಚ್ಚ ಕನ್ನಡ. ಕಂಪ್ಯೂಟರ್‌ಗೆ ಮಾತ್ರ "ಕನ್ನಡ" ಎಂಬ ಪದ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುನಡುವೆ ಕೊಂಬು ಹೊತ್ತ ಎ. ಸ್ಕ್ರೀನ್ ರೀಡರ್ ಅದನ್ನೇ ಬಡಬಡಿಸಿತು. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಇಂಥ ಪಿಡಿಎಫ್ ಸಿಗುವುದಿಲ್ಲ. ಹಾಗಾಗಿ ಕನ್ನಡ ಸೈಟಿನ ಮೊದಲ ಕೆಲಸ ಎಲ್ಲವನ್ನೂ ಯೂನಿಕೋಡ್ ಮಾಡುವುದು, ಅಂದರೆ ಕಂಪ್ಯೂಟರ್ ಕೂಡ ಕನ್ನಡವೆಂದೇ ಗುರುತಿಸುವ ಅಕ್ಷರಗಳಿಗೆ ಬದಲಿಸುವುದು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ನೀವೇ ಓದಿ ನೋಡಿ. ನೋಟೀಸನ್ನು ಟೈಪ್ ಮಾಡದೆ ಅದರ ಫೋಟೋ ಹೊಡೆದು ಸೈಟಿಗೆ ಏರಿಸುವ ಚಾಳಿಯಂತೂ ಬೇಡವೇ ಬೇಡ.

ಟೆಂಪ್ಲೇಟಿನಿಂದ ಶುರು ಮಾಡಿದ್ದರೆ ಪುಟದ ಭಾಷೆ ಇಂಗ್ಲಿಷ್ ಅಂತಲೇ ಉಳಿದಿರುತ್ತದೆ. ಎಚ್‌ಟಿಎಂಎಲ್‌ನ ಲ್ಯಾಂಗ್‌ನಲ್ಲಿ "ಕೆಎನ್" (lang="kn") ಎಂದು ಬದಲಿಸಿ. ಇಲ್ಲದಿದ್ದರೆ ಇಂಗ್ಲಿಷ್ ದನಿ ಬಂದು ಕನ್ನಡವನ್ನು ಹಾರಿಸಿಬಿಡಬಹುದು. ಸಾಲುಗಳ ನಡುವೆ ಜಾಗವೂ ಜಾಸ್ತಿ ಬೇಕು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ, ಅಂದರೆ ಅಕ್ಷರದ ಅಳತೆಯ 1.2 ಪಟ್ಟು, ನಮಗೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 1.7 ಇಡುತ್ತೇನೆ.

ಬಣ್ಣದ ವಿಷಯದಲ್ಲಿ ಡಿಸೈನರ್‌ಗಳ ಮಾತು ಕೇಳಬೇಡಿ. ಅವರಿಗೆ ತಿಳಿ ಬೂದಿ ಅಂದರೆ ಪ್ರಾಣ. ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಅಂತರರಾಷ್ಟ್ರೀಯ ನಿಯಮಾವಳಿ ಡಬ್ಲ್ಯುಸಿಎಜಿ. ಅದರಂತೆ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು. ಬಿಳಿ ಮೇಲೆ 777777 ಎಂಬ ಕೋಡಿನ ಬೂದಿ ಬಣ್ಣ 4.48ಕ್ಕೆ ಬಂದು ಕೂದಲೆಳೆಯಲ್ಲಿ ಫೇಲ್ ಆಗುತ್ತದೆ. ಬಿಸಿಲಲ್ಲಿ ಡೇರಿ ಮುಂದೆ ನಿಂತು ಫೋನ್ ನೋಡುವ ರೈತನಿಗೆ 4.5 ಕೂಡ ಸಾಲದು. ಸುಮ್ನೆ ಕಪ್ಪು ಇಡಿ.

ಫಾರ್ಮ್‌ನಲ್ಲಿ "ಕೊನೆಯ ಹೆಸರು ಕಡ್ಡಾಯ" ಅಂತ ದಯವಿಟ್ಟು ಹಾಕಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಇನಿಷಿಯಲ್ ಅಷ್ಟೇ, ಅಲ್ವಾ? ಪೂರ್ತಿ ಹೆಸರಿಗೆ ಒಂದೇ ಖಾನೆ ಸಾಕು.

ಸಂಘದವರು "ಇದೆಲ್ಲ ಯಾಕೆ" ಅಂದರೆ, ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ ಎನ್ನಿ.

ಪರೀಕ್ಷೆಗೆ ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ, ಉಚಿತ, ಕನ್ನಡ ದನಿಯೂ ಅದರಲ್ಲೇ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್. ಆದರೆ ಅದನ್ನು ಆನ್ ಮಾಡುವ ಮುಂಚೆ ಆಫ್ ಮಾಡುವುದು ಹೇಗೆಂದು ಓದಿಕೊಳ್ಳಿ. ಅದರಲ್ಲಿ ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ನನ್ನದೇ ಫೋನ್ ಜತೆ ಗುದ್ದಾಡಿದ್ದೇನೆ.